15 ಸಾವಿರದೊಳಗೆ ಒಂದು ಸ್ಟೀರಿಯೊ

ಕೇಳುಗ ಬಂಧುಗಳಿಗೆ ನಮಸ್ಕಾರ.

ಕಳೆದ ವರ್ಷ ನನ್ನ ತಂಗಿಯ ಮಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ, ಹನುಮಂತನಗರದಲ್ಲಿ 12 ಅಡಿ ಉದ್ದ, 10 ಅಡಿ ಅಗಲದ ಒಂದು ಬಾಡಿಗೆ ಕೋಣೆಯನ್ನು ಹಿಡಿದ. ನಾಲ್ಕು ತಿಂಗಳು ಹಣ ಕೂಡಿಟ್ಟುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದವನು, "ಮಾವ, 15 ಸಾವಿರ ಇದೆ. ಸಂಗೀತ ಕೇಳೋದಕ್ಕೆ ಒಳ್ಳೇ ಸೆಟ್ ಒಂದು ಮಾಡಿಕೊಡಿ" ಎಂದ. ಇಷ್ಟು ಹಣದಲ್ಲಿ ಒಳ್ಳೆಯ ಸ್ಟೀರಿಯೊ ಆಗುವುದಿಲ್ಲವೆಂದು ಅನೇಕರು ತಿಳಿದಿದ್ದಾರೆ. ಆಗುತ್ತದೆ, ಆದರೆ ಹಣವನ್ನು ಎಲ್ಲಿ ಸುರಿಯಬೇಕು, ಎಲ್ಲಿ ಬಿಗಿಹಿಡಿಯಬೇಕು ಎಂಬುದು ಗೊತ್ತಿರಬೇಕು. ಅವನ ಸೆಟ್ಟನ್ನು ನಾವಿಬ್ಬರೂ ಕೂಡಿಸಿದ ಬಗೆಯನ್ನೇ ಇಂದು ತಮ್ಮ ಮುಂದೆ ಇಡುತ್ತೇನೆ.

ನಾವು ಮೊದಲು ಹೋದದ್ದು ಹೊಸ ಸಾಮಾನಿನ ಅಂಗಡಿಗೆ. ಅಲ್ಲಿ ಬಣ್ಣಬಣ್ಣದ ದೀಪ ಮಿನುಗುವ ಒಂದು ಸೆಟ್ಟನ್ನು ತೋರಿಸಿದ ಹುಡುಗ, "ಇದು 8000 ವ್ಯಾಟ್ಸ್ ಸಾರ್, ಬೀದಿಗೆಲ್ಲ ಕೇಳಿಸುತ್ತೆ" ಎಂದ. ರಟ್ಟಿನ ಪೆಟ್ಟಿಗೆಯ ಮೇಲೂ ಹಾಗೆಯೇ ಅಚ್ಚಾಗಿತ್ತು, ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ಪಿಎಂಪಿಒ ಎಂದೂ ಇತ್ತು. ನಾನು ಸೆಟ್ಟನ್ನು ಹಿಂದುಮುಂದಾಗಿ ತಿರುಗಿಸಿ, ಕರೆಂಟಿನ ವೈರು ಒಳಹೋಗುವ ಜಾಗದಲ್ಲಿ ಅಂಟಿಸಿದ್ದ ಚೀಟಿಯನ್ನು ಹುಡುಗನಿಗೇ ಓದಲು ಹೇಳಿದೆ. 230 ವೋಲ್ಟ್, 50 ಹರ್ಟ್ಸ್, 60 ವ್ಯಾಟ್ ಎಂದಿತ್ತು. ಗೋಡೆಯಿಂದ 60 ವ್ಯಾಟ್ ಎಳೆದುಕೊಳ್ಳುವ ಯಂತ್ರ 8000 ವ್ಯಾಟ್ ಹೊರಗೆ ಕೊಡುವುದಾದರೆ ಶರಾವತಿಗೆ ಅಣೆಕಟ್ಟು ಕಟ್ಟುವ ಶ್ರಮವೇ ಬೇಕಿರಲಿಲ್ಲ. ಹಾಲಿಗಾದರೆ ನೀರು ಬೆರೆಸಬಹುದು, ವಿದ್ಯುತ್ತಿಗೆ ಬೆರೆಸಲು ಏನೂ ಇಲ್ಲ. ಪಿಎಂಪಿಒ ಎಂಬ ಲೆಕ್ಕಕ್ಕೆ ಒಪ್ಪಿತವಾದ ಅಳತೆಯ ಕ್ರಮವೇ ಇಲ್ಲದ್ದರಿಂದ ತಯಾರಕರು ತೋಚಿದ ಸಂಖ್ಯೆಯನ್ನು ಬರೆದುಕೊಳ್ಳುತ್ತಾರೆ. ನಾವು ನೋಡಬೇಕಾದದ್ದು ಆರ್‌ಎಂಎಸ್ ಎಂದು ಬರೆದಿರುವ, ಯಂತ್ರವು ಎಡೆಬಿಡದೆ ಕೊಡಬಲ್ಲ ವ್ಯಾಟುಗಳನ್ನು ಮಾತ್ರ.

ಹಾಗಾದರೆ ಮನೆಗೆ ಎಷ್ಟು ವ್ಯಾಟ್ ಬೇಕು? ಉತ್ತರ ಕೇಳಿದರೆ ತಮಗೆ ನಗು ಬರಬಹುದು. ಸಾಧಾರಣ ಸ್ಪೀಕರೊಂದು ಒಂದು ವ್ಯಾಟ್ ಉಂಡು ಒಂದು ಮೀಟರ್ ದೂರದಲ್ಲಿ ಸುಮಾರು 86 ಡೆಸಿಬೆಲ್ ಸದ್ದು ಕೊಡುತ್ತದೆ. ಎದುರುಬದುರು ಕುಳಿತು ಆಡುವ ಮಾತು 60 ಡೆಸಿಬೆಲ್ ಆಸುಪಾಸಿನದು. ಅಂದರೆ ಸಣ್ಣ ಕೋಣೆಯಲ್ಲಿ ಹಾಡು ಕೇಳುತ್ತಿರುವಾಗ ಹೆಚ್ಚಿನ ಹೊತ್ತು ಖರ್ಚಾಗುತ್ತಿರುವುದು ಒಂದು ವ್ಯಾಟೋ ಅದಕ್ಕಿಂತ ಕಡಿಮೆಯೋ. ಆದರೆ ತನಿ ಆವರ್ತನದಲ್ಲಿ ಮೃದಂಗದ ಒಂದು ಪೆಟ್ಟು ಸುತ್ತಲಿನ ನಾದಕ್ಕಿಂತ 10 ಡೆಸಿಬೆಲ್ ಮೇಲೆ ಚಿಮ್ಮಿದರೆ ಆ ಕ್ಷಣಕ್ಕೆ ಹತ್ತು ಪಟ್ಟು ಶಕ್ತಿ ಬೇಕಾಗುತ್ತದೆ. ಆ ಚಿಮ್ಮುವಿಕೆಗೆ ಅವಕಾಶವಿರಲೆಂದು ಒಂದೊಂದು ಬದಿಗೆ 20ರಿಂದ 30 ನಿಜವಾದ ವ್ಯಾಟ್ ಇಟ್ಟುಕೊಂಡರೆ ಧಾರಾಳವಾಯಿತು. ಇನ್ನೊಂದು ಮಾತು: 86ರ ಬದಲು 89 ಡೆಸಿಬೆಲ್ ಕೊಡುವ ಸ್ಪೀಕರ್ ಸಿಕ್ಕಿದರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. ಸ್ಪೀಕರಿನ ಹಿಂದೆ ಬರೆದಿರುವ ಈ ಸಣ್ಣ ಅಂಕಿಯನ್ನು ಕೊಳ್ಳುವವರು ಓದುವುದೇ ಇಲ್ಲ.

ಹಣದ ಅರ್ಧ ಭಾಗ ಸ್ಪೀಕರಿಗೇ ಹೋಗಬೇಕೆಂಬುದು ನನ್ನ ಹಳೆಯ ಹಟ, ಅದಕ್ಕೆ ಕಾರಣವೂ ಇದೆ. ನಾದದ ಸಣ್ಣ ವಿದ್ಯುತ್ತನ್ನು ಸ್ಪೀಕರ್ ಅಲುಗಿಸುವಷ್ಟು ಹಿಗ್ಗಿಸುವ ಇಂದಿನ ಆಂಪ್ಲಿಫೈಯರುಗಳು, ಅಗ್ಗದವೂ ಸೇರಿದಂತೆ, ತಮ್ಮೊಳಗೆ ಹಾದುಹೋಗುವ ಸಂಗೀತವನ್ನು ಕೆಡಿಸುವುದು ಅತ್ಯಲ್ಪ. ಸ್ಪೀಕರ್ ಹಾಗಲ್ಲ. ಕಾಗದದ ಒಂದು ಕೋನನ್ನು ಹಿಂದಕ್ಕೂ ಮುಂದಕ್ಕೂ ದೂಡಿ ಗಾಳಿಯನ್ನು ಅಲುಗಿಸುವ ಮೈಮುರಿ ಕೆಲಸ ಅದರದು. ಸ್ವರ ಮಬ್ಬಾಗುವುದೂ, ಒಡಕಾಗುವುದೂ ಹೆಚ್ಚಾಗಿ ಅಲ್ಲೇ. ಹೊಸದನ್ನೇ ಕೊಳ್ಳುತ್ತೇನೆಂದರೆ ನಮ್ಮ ಹಣಕ್ಕೆ ದಕ್ಕುತ್ತಿದ್ದದ್ದು ಹಗುರವಾದ ಪ್ಲಾಸ್ಟಿಕ್ ಡಬ್ಬಗಳು. ಹೀಗಾಗಿ ಹಳೆಯದನ್ನು ಹುಡುಕಿದೆವು. ಮನೆ ಖಾಲಿ ಮಾಡಿಕೊಂಡು ಊರಿಗೆ ಹೊರಟಿದ್ದ ಒಬ್ಬ ಹಿರಿಯರ ಬಳಿ, ತಗ್ಗಿನ ಸ್ವರಗಳಿಗೆ 6 ಅಂಗುಲದ ವೂಫರ್ ಮತ್ತು ಮೇಲಿನ ಸ್ವರಗಳಿಗೆ 1 ಅಂಗುಲದ ಟ್ವೀಟರ್ ಇರುವ ಮರದ ಪೆಟ್ಟಿಗೆಯ ಜೋಡಿ 6,000 ರೂಪಾಯಿಗೆ ಸಿಕ್ಕಿತು.

ಹಳೆಯ ಸ್ಪೀಕರನ್ನು ಕೊಳ್ಳುವಾಗ ಹಲಸಿನ ಹಣ್ಣನ್ನು ನೋಡುವಂತೆ ಪೆಟ್ಟಿಗೆಯ ಪಕ್ಕೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ಕೇಳಬೇಕು. ಡೊಳ್ಳು ಸದ್ದು ಬಂದರೆ ಆ ಪೆಟ್ಟಿಗೆ ತಾನೂ ಹಾಡಿಗೆ ದನಿಗೂಡಿಸುತ್ತದೆಂದು ಅರ್ಥ. ಗಟ್ಟಿಯಾಗಿ, ಮೊಟಕಾಗಿ ಕೇಳಿದರೆ ಒಳ್ಳೆಯದು. ಆಮೇಲೆ ಎರಡು ಹೆಬ್ಬೆರಳುಗಳನ್ನು ಕೋನಿನ ಎದುರುಬದುರು ಅಂಚಿನಲ್ಲಿಟ್ಟು ಹೂವನ್ನು ಒತ್ತುವಷ್ಟು ಮೆಲ್ಲಗೆ ಒಳಕ್ಕೆ ಒತ್ತಬೇಕು. ಕರ್ ಎಂದು ಉಜ್ಜಿದ ಸದ್ದಾದರೆ ಒಳಗಿನ ತಂತಿಯ ಸುರುಳಿ ಅಯಸ್ಕಾಂತಕ್ಕೆ ತಾಗುತ್ತಿದೆ, ಅಂಥದ್ದನ್ನು ಬಿಟ್ಟು ಬರುವುದೇ ಲೇಸು. ನಮ್ಮ ಜೋಡಿಯಲ್ಲಿ ಉಜ್ಜುವ ಸದ್ದಿರಲಿಲ್ಲ, ಆದರೆ ಕೋನಿನ ಸುತ್ತಲ ಫೋಮಿನ ಉಂಗುರ ಮುಟ್ಟಿದ ಕೂಡಲೇ ಹಳೆಯ ಬೆಲ್ಲದ ಅಚ್ಚಿನಂತೆ ಉದುರಿತು. ಫೋಮಿನ ಉಂಗುರ ಹತ್ತು ಹದಿನೈದು ವರ್ಷದಲ್ಲಿ ಹೀಗಾಗುವುದು ಸಹಜ, ರಬ್ಬರಿನದಾದರೆ ಎಷ್ಟೋ ಹೆಚ್ಚು ಬಾಳುತ್ತದೆ. ಉಂಗುರ ಹೋದ ಸ್ಪೀಕರ್ ಸತ್ತ ಸ್ಪೀಕರಲ್ಲ. ಎಸ್.ಪಿ. ರಸ್ತೆಯ ಒಳಗಲ್ಲಿಯೊಂದರಲ್ಲಿ, ಇದೇ ಕೆಲಸ ಮಾಡುತ್ತಾ ಕೂದಲು ಬೆಳ್ಳಗಾಗಿಸಿಕೊಂಡ ಯಜಮಾನರೊಬ್ಬರು 1,200 ರೂಪಾಯಿಗೆ ಎರಡಕ್ಕೂ ಹೊಸ ಉಂಗುರವನ್ನು ಅಂಟಿಸಿಕೊಟ್ಟರು.

ಆಂಪ್ಲಿಫೈಯರಿಗೆ ಎರಡು ದಾರಿಗಳಿದ್ದವು. ಕ್ಲಾಸ್ ಡಿ ಎಂಬ ಬಗೆಯ, ಅಂಗೈಯಗಲದ ಹೊಸ ಯಂತ್ರಗಳು ಈಗ ಅಗ್ಗವಾಗಿ ಸಿಗುತ್ತವೆ. ಅವು ಬಿಸಿಯಾಗುವುದು ಕಡಿಮೆ, ಒಳ್ಳೆಯ 24 ವೋಲ್ಟಿನ ಅಡಾಪ್ಟರ್ ಕೊಟ್ಟರೆ ನಮಗೆ ಬೇಕಾದ 20, 30 ವ್ಯಾಟ್ ಕೊಡುತ್ತವೆ. ಜೊತೆಯಲ್ಲಿ ಬರುವ ಅಡಾಪ್ಟರ್ 12 ವೋಲ್ಟ್, 2 ಆಂಪಿಯರ್ ಆಗಿದ್ದರೆ ಮಾತ್ರ ಎರಡನ್ನೂ ಗುಣಿಸಿ ನೋಡಿಕೊಳ್ಳಿ, 24 ವ್ಯಾಟಿಗಿಂತ ಹೆಚ್ಚು ಅಲ್ಲಿಂದ ಹುಟ್ಟುವುದಿಲ್ಲ. ಇನ್ನೊಂದು ದಾರಿ, ನಮ್ಮ ದೇಶದಲ್ಲೇ ತಯಾರಾದ ಹಳೆಯ, ಭಾರವಾದ ಸ್ಟೀರಿಯೊ ಆಂಪ್ಲಿಫೈಯರುಗಳು. ನಮ್ಮ ಹುಡುಗನಿಗೆ ತಿರುಗಿಸುವ ದೊಡ್ಡ ಗುಂಡಿಗಳ ಮೋಹ. 3,500 ರೂಪಾಯಿಗೆ ಹಳೆಯದನ್ನೇ ತಂದೆವು. ವಾಲ್ಯೂಮ್ ಗುಂಡಿ ತಿರುಗಿಸಿದರೆ ಕರಕರ ಎನ್ನುತ್ತಿತ್ತು. ಕಾಂಟ್ಯಾಕ್ಟ್ ಕ್ಲೀನರನ್ನು ಎರಡು ಸಲ ಸಿಂಪಡಿಸಿ ಹತ್ತಿಪ್ಪತ್ತು ಬಾರಿ ಹಿಂದೆಮುಂದೆ ತಿರುಗಿಸಿದ ಮೇಲೆ ಸುಮ್ಮನಾಯಿತು. ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರುಗಳಲ್ಲಿ ತಲೆ ಉಬ್ಬಿದ್ದ ನಾಲ್ಕನ್ನು ಬದಲಾಯಿಸಲು 700 ರೂಪಾಯಿ ಆಯಿತು. ಒಂದು ಎಚ್ಚರಿಕೆ: ಕರೆಂಟು ತೆಗೆದ ಮೇಲೂ ಒಳಗಿನ ದೊಡ್ಡ ಕೆಪಾಸಿಟರುಗಳಲ್ಲಿ ವಿದ್ಯುತ್ ಉಳಿದಿರುತ್ತದೆ, ಆದ್ದರಿಂದ ತಿಳಿಯದವರು ಮುಚ್ಚಳ ಬಿಚ್ಚಬಾರದು.

ವೈರಿನ ಬಗ್ಗೆ ಬಹಳ ಹೇಳಬೇಕಾಗಿಲ್ಲ. ಸಾವಿರಾರು ರೂಪಾಯಿಯ ಸ್ಪೀಕರ್ ವೈರುಗಳನ್ನು ಮಾರುವವರಿದ್ದಾರೆ, ಕೊಳ್ಳುವವರೂ ಇದ್ದಾರೆ. 1 ಚದರ ಮಿಲಿಮೀಟರ್ ದಪ್ಪದ ಮಾಮೂಲಿ ತಾಮ್ರದ ವೈರು 5 ಮೀಟರ್ ದೂರ ಹೋಗಿ ಬರುವಷ್ಟರಲ್ಲಿ ಒಡ್ಡುವ ತಡೆ 0.2 ಓಮ್‌ಗಿಂತ ಕಡಿಮೆ, ಸ್ಪೀಕರಿನದು 8 ಓಮ್; ಅದರ ಮುಂದೆ ವೈರಿನದು ಲೆಕ್ಕಕ್ಕೇ ಇಲ್ಲ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ 300 ರೂಪಾಯಿಗೆ ಮುಗಿಯಿತು. ಹಾಡಿನ ಮೂಲವಾಗಿ ಅವನ ಫೋನೇ ಇತ್ತು. ಅದಕ್ಕೆ, ಫೋನಿನೊಳಗಿನ ಅಂಕಿಗಳನ್ನು ನಾದದ ವಿದ್ಯುತ್ತಾಗಿ ಬದಲಿಸುವ, 900 ರೂಪಾಯಿಯ ಒಂದು ಸಣ್ಣ ಡ್ಯಾಕ್ ಡಾಂಗಲ್, ಅಲ್ಲಿಂದ ಆಂಪ್ಲಿಫೈಯರಿಗೆ 250 ರೂಪಾಯಿಯ ಒಂದು ಕೇಬಲ್. ಶಾಸ್ತ್ರೀಯ ಸಂಗೀತಕ್ಕೆಂದೇ 2016ರ ಜನವರಿ 26ರಂದು ಆರಂಭವಾದ ಆಕಾಶವಾಣಿಯ ರಾಗಂ ವಾಹಿನಿಯನ್ನು ಫೋನಿನಲ್ಲಿ ಹಾಕಿದಾಗ ಹಿಂದಿನಿಂದ ಗುಂಯ್ ಎಂಬ ಸದ್ದು ಕೇಳುತ್ತಿತ್ತು. ಪಕ್ಕದಲ್ಲಿ ಲ್ಯಾಪ್‌ಟಾಪಿನ ಚಾರ್ಜರ್ ಇತ್ತು, ಅದನ್ನು ಕಿತ್ತ ಕೂಡಲೇ ನಿಂತಿತು.

ಇಷ್ಟೆಲ್ಲ ಆದರೂ ಮೊದಲ ರಾತ್ರಿ ಸೆಟ್ಟು ನಮ್ಮ ಮಾನ ಕಳೆಯಿತು. ಸ್ಥಳ ಉಳಿಸಲು ಹುಡುಗ ಸ್ಪೀಕರುಗಳನ್ನು ಎರಡು ಮೂಲೆಗಳಿಗೆ ಒತ್ತಿ ಇಟ್ಟಿದ್ದ. ಮೃದಂಗದ ಎಡಗಡೆಯ ನಾದ ಊದಿಕೊಂಡು, ಹಾಡುಗಾರರು ಹಂಡೆಯೊಳಗೆ ಕೂತಂತೆ ಕೇಳುತ್ತಿದ್ದರು. ಗೋಡೆ ಮತ್ತು ಮೂಲೆ ತಗ್ಗಿನ ಸ್ವರಗಳನ್ನು ಹೆಚ್ಚಿಸುತ್ತವೆ; ಅದರ ಮೇಲೆ 12 ಅಡಿ ಉದ್ದದ ಕೋಣೆ ಸುಮಾರು 47 ಹರ್ಟ್ಸಿನ ಕಂಪನಕ್ಕೆ ತಾನೇ ಗುನುಗುತ್ತದೆ, ಗೋಡೆಗೆ ಒರಗಿ ಕುಳಿತವನ ಕಿವಿಗೆ ಅದು ಎಲ್ಲಕ್ಕಿಂತ ಜೋರು. ಹಣ ಖರ್ಚಿಲ್ಲದ ಕೆಲಸ ಇಲ್ಲಿಂದ ಶುರುವಾಯಿತು. ಸ್ಪೀಕರುಗಳನ್ನು ಹಿಂದಿನ ಗೋಡೆಯಿಂದ ಎರಡಡಿ ಮುಂದಕ್ಕೆ ತಂದೆವು. ಅವೆರಡರ ನಡುವೆ ಆರಡಿ, ಒಂದೊಂದರಿಂದಲೂ ಕೇಳುವವನಿಗೆ ಆರಡಿ ಇರುವಂತೆ ದಾರ ಹಿಡಿದು ಅಳೆದೆವು. ಸ್ಟ್ಯಾಂಡಿಗೆ ಬದಲು ಮನೆ ಕಟ್ಟುವ ಸಿಮೆಂಟ್ ಬ್ಲಾಕನ್ನು ನಿಲ್ಲಿಸಿ, ಸ್ಪೀಕರಿನ ಮುಂಭಾಗದ ಅಡಿಗೆ ಸವೆದ ಹವಾಯಿ ಚಪ್ಪಲಿಯ ತುಂಡನ್ನು ಕೊಟ್ಟು, ನೆಲದ ಮೇಲೆ ದಿಂಬು ಹಾಕಿ ಕುಳಿತವನ ಕಿವಿಗೆ ಟ್ವೀಟರ್ ನೇರವಾಗುವಂತೆ ತುಸು ಮೇಲಕ್ಕೆ ಓರೆ ಮಾಡಿದೆವು. ಎರಡು ಬ್ಲಾಕಿಗೆ 100 ರೂಪಾಯಿ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಬರಿ ಗೋಡೆ, ಟೈಲ್ಸ್ ನೆಲ. ಝಣ್ ಎಂದು ಸದ್ದು ಬಾಲ ಬೆಳೆಸಿಕೊಂಡು ಹಿಂತಿರುಗಿತು. ಉಳಿದಿದ್ದ ಹಣದಲ್ಲಿ 1,400 ರೂಪಾಯಿ ಕೊಟ್ಟು ದಪ್ಪನೆಯ ಒಂದು ಜಮಖಾನವನ್ನು ತಂದು ಸ್ಪೀಕರುಗಳ ಮುಂದೆ ಹಾಸಿದೆವು. ಹಗಲು ಸುತ್ತಿಡುತ್ತಿದ್ದ ಹತ್ತಿಯ ಹಾಸಿಗೆಯನ್ನು ಹಿಂದಿನ ಗೋಡೆಗೆ ನಿಲ್ಲಿಸಿದೆವು. ಚಪ್ಪಾಳೆಯ ಬಾಲ ಮುಕ್ಕಾಲು ಪಾಲು ಕತ್ತರಿಸಿಹೋಯಿತು. ಹತ್ತು ಸಾವಿರದ ಹೊಸ ಆಂಪ್ಲಿಫೈಯರ್ ತಂದಿದ್ದರೂ ಇಷ್ಟು ವ್ಯತ್ಯಾಸವಾಗುತ್ತಿರಲಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಒಟ್ಟು 14,350 ರೂಪಾಯಿ ಆಗಿತ್ತು. ಉಳಿದ 650ರಲ್ಲಿ ಹುಡುಗ ನನಗೆ ಊಟ ಹಾಕಿಸಿದ.

ಊಟ ಮುಗಿಸಿ ಬಂದು ಹಳೆಯ ಕಛೇರಿಯೊಂದನ್ನು ಹಾಕಿದರೆ ಇನ್ನೊಂದು ತೊಡಕು. ಹಳೆಯ ಧ್ವನಿಮುದ್ರಣಗಳಲ್ಲಿ ಬಹುಪಾಲು ಮೊನೊ, ಅಂದರೆ ಎರಡು ಸ್ಪೀಕರಿಗೂ ಒಂದೇ ನಾದ ಹೋಗುತ್ತದೆ. ಸೆಟ್ಟು ಸರಿಯಾಗಿದ್ದರೆ ಹಾಡುವವರು ಎರಡು ಪೆಟ್ಟಿಗೆಗಳ ನಟ್ಟನಡುವೆ, ಏನೂ ಇಲ್ಲದ ಜಾಗದಲ್ಲಿ, ಕುಳಿತಂತೆ ಕೇಳಬೇಕು. ನಮ್ಮ ಗಾಯಕರು ಮಾತ್ರ ಗಾಳಿಯಲ್ಲಿ ಎಲ್ಲೆಲ್ಲೋ ತೇಲುತ್ತಿದ್ದರು, ಮೃದಂಗ ಬಡಕಲಾಗಿತ್ತು. ಗಡಿಯಾರದ 1.5 ವೋಲ್ಟಿನ ಸೆಲ್ಲನ್ನು ಕಿತ್ತು, ಸ್ಪೀಕರಿನ ಕೆಂಪಿಗೆ ಸೆಲ್ಲಿನ ಧನ ತುದಿ, ಕಪ್ಪಿಗೆ ಋಣ ತುದಿ ಬರುವಂತೆ ಎರಡು ತುಂಡು ವೈರಿನಿಂದ ಕ್ಷಣಮಾತ್ರ ಮುಟ್ಟಿಸಿದೆ. ಎಡಗಡೆಯ ಕೋನು ಟಪ್ ಎಂದು ಮುಂದಕ್ಕೆ ಹಾರಿತು. ಬಲಗಡೆಯದು ಹಿಂದಕ್ಕೆ ಸರಿಯಿತು. ಉಂಗುರ ಅಂಟಿಸುವಾಗ ಒಳಗಿನ ತಂತಿಗಳು ಅದಲುಬದಲಾಗಿದ್ದವು, ಹಾಗಾಗಿ ಒಂದು ಕೋನು ಗಾಳಿಯನ್ನು ದೂಡುವಾಗ ಇನ್ನೊಂದು ಎಳೆಯುತ್ತಿತ್ತು. ಪೆಟ್ಟಿಗೆ ಬಿಚ್ಚದೆ, ಹಿಂದಿನ ಕೆಂಪು ಕಪ್ಪು ವೈರುಗಳನ್ನು ಒಂದು ಬದಿಗೆ ಮಾತ್ರ ತಿರುವುಮುರುವು ಮಾಡಿದೆವು. ಗಾಯಕರು ಬಂದು ಗೋಡೆಯ ಕ್ಯಾಲೆಂಡರಿನ ಕೆಳಗೆ ಕುಳಿತುಬಿಟ್ಟರು. ಹುಡುಗ ಎದ್ದು ಹೋಗಿ ಕ್ಯಾಲೆಂಡರನ್ನು ಎತ್ತಿ ಹಿಂದೆ ನೋಡಿದ.

ನಾನೂ ಈಗ ಒಂದೇ ಮೈಕಿನ ಮುಂದೆ ಕುಳಿತು ಮಾತನಾಡುತ್ತಿದ್ದೇನೆ. ಎರಡು ಸ್ಪೀಕರುಗಳಲ್ಲಿ ಇದನ್ನು ಕೇಳುತ್ತಿರುವವರು ದಯವಿಟ್ಟು ಕಣ್ಣು ಮುಚ್ಚಿ, ನನ್ನ ದನಿ ಬರುತ್ತಿರುವ ಕಡೆಗೆ ಬೆರಳು ತೋರಿಸಿ, ಆಮೇಲೆ ಕಣ್ಣು ತೆರೆಯಿರಿ. ಬೆರಳು ಎರಡರ ನಡುವಿನ ಖಾಲಿ ಗೋಡೆಯನ್ನು ತೋರದೆ ಬೇರೆಲ್ಲೋ ಹೋಗಿದ್ದರೆ, ಗಡಿಯಾರದ ಸೆಲ್ಲನ್ನು ಒಂದು ಗಳಿಗೆ ಎರವಲು ಪಡೆಯಬಹುದು. ನಮಸ್ಕಾರ.