ನಡುರಾತ್ರಿಯಲ್ಲಿ ಒಂದು ಮರುಮಾತು

ಆತ್ಮೀಯ ಕೇಳುಗರೇ, ನಮಸ್ಕಾರ.

ಅಂದು ರಾತ್ರಿ ಎರಡೂವರೆಯ ಹೊತ್ತಿಗೆ ನನ್ನ ತಂದೆಯವರು ಚಪ್ಪಲಿ ಮೆಟ್ಟಿಕೊಂಡು, ಮಡಚಿದ ಟವೆಲ್ಲೊಂದನ್ನು ಕಂಕುಳಲ್ಲಿಟ್ಟುಕೊಂಡು, ಬಾಗಿಲಿನ ಚಿಲಕದ ಮೇಲೆ ಕೈಯಿಟ್ಟು ನಿಂತಿದ್ದರು. "ಕತ್ತಲಾಯಿತು, ಮನೆಗೆ ಹೋಗೋಣ ನಡಿ" ಎಂದರು. ಅವರು ನಿಂತಿದ್ದುದು ತಮ್ಮದೇ ಮನೆಯಲ್ಲಿ. "ಅಪ್ಪಾ, ಇದೇ ನಮ್ಮ ಮನೆ" ಎಂದು ನಾನು ತಿಳಿಹೇಳಿದಷ್ಟೂ ಅವರ ಕಳವಳ ಹೆಚ್ಚಿತು, ದನಿ ಏರಿತು. ಕೊನೆಗೆ ಅವರು ದಣಿದು ಮಲಗಿದ ಮೇಲೆ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಮನೆಮಂದಿಯ ಆನ್‌ಲೈನ್ ಬಳಗವೊಂದರಲ್ಲಿ ನಡೆದದ್ದನ್ನು ನಾಲ್ಕು ಸಾಲು ಬರೆದೆ. ಹತ್ತು ನಿಮಿಷದೊಳಗೆ, ನಾನು ಮುಖವನ್ನೇ ಕಾಣದ ಒಬ್ಬ ಹೆಣ್ಣುಮಗಳು ಉತ್ತರಿಸಿದರು: "ಇದೇ ಮನೆ ಎಂದು ವಾದಿಸಬೇಡಿ. ಮನೆಯಲ್ಲಿ ಯಾರ್ಯಾರಿದ್ದಾರೆ ಎಂದು ಕೇಳಿ ನೋಡಿ." ಮರುದಿನ ರಾತ್ರಿ ಹಾಗೆಯೇ ಕೇಳಿದೆ. ಅಪ್ಪ ತಮ್ಮ ತಾಯಿಯ ಹೆಸರು ಹೇಳಿದರು, ಒಲೆಯ ಪಕ್ಕದ ಕಿಟಕಿಯ ಮಾತು ತೆಗೆದರು. ಹೇಳುತ್ತ ಹೇಳುತ್ತ ಚಿಲಕದಿಂದ ಕೈ ತೆಗೆದು ಕುರ್ಚಿಯಲ್ಲಿ ಕುಳಿತರು.

ಆ ಹೊತ್ತಿನಲ್ಲಿ ನಾನು ಯಾರ ಮನೆಯ ಬಾಗಿಲು ತಟ್ಟಬಹುದಿತ್ತು? ಹಿರಿಯರನ್ನು ನೋಡಿಕೊಳ್ಳುವವರಿಗೆ ಮನೆ ಬಿಟ್ಟು ಕದಲಲು ಆಗುವುದಿಲ್ಲ. ಹಾಸಿಗೆ ಹಿಡಿದವರಿಗೆ ಬೆನ್ನುಹುಣ್ಣು ಆಗದಂತೆ ಸುಮಾರು ಎರಡು ತಾಸಿಗೊಮ್ಮೆ ಮಗ್ಗುಲು ಬದಲಾಯಿಸುವ ಮಗಳೋ ಸೊಸೆಯೋ ಊರಾಚೆಯ ಸಭೆಗೆ ಹೋಗಿ ತನ್ನ ಕಷ್ಟ ಹೇಳಿಕೊಳ್ಳುವುದು ದೂರದ ಮಾತು. ಒಂಟಿಯಾಗಿ ಹೊರುವ ಈ ಒತ್ತಡ ಬರೀ ಮನಸ್ಸಿನ ಬೇಸರವೆಂದು ತಳ್ಳಿಹಾಕುವಂಥದ್ದಲ್ಲ. ವಯಸ್ಸಾದ ಪತಿ ಅಥವಾ ಪತ್ನಿಯ ಆರೈಕೆ ಮಾಡುವವರನ್ನು ನಾಲ್ಕು ವರ್ಷ ಗಮನಿಸಿ ಅಮೆರಿಕದ ಸಂಶೋಧಕರಾದ ಶುಲ್ಜ್ ಮತ್ತು ಬೀಚ್ 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆರೈಕೆಯ ಒತ್ತಡದಿಂದ ಬಳಲುತ್ತಿದ್ದವರಲ್ಲಿ ಸಾವಿನ ಸಂಭವ ಅಂಥ ಹೊಣೆಯಿಲ್ಲದವರಿಗಿಂತ ಶೇಕಡ 63ರಷ್ಟು ಹೆಚ್ಚಾಗಿ ಕಂಡುಬಂದಿತು.

ತನ್ನಂಥವರನ್ನು ಹುಡುಕಿಕೊಳ್ಳುವ ಈ ಹಂಬಲ ಅಂತರ್ಜಾಲಕ್ಕಿಂತ ಹಳೆಯದು. ತಂದೆತಾಯಿಯರನ್ನು ನೋಡಿಕೊಳ್ಳಲೆಂದು ಉದ್ಯೋಗ ಬಿಟ್ಟ ಇಂಗ್ಲೆಂಡಿನ ಮೇರಿ ವೆಬ್‌ಸ್ಟರ್ 1963ರಲ್ಲಿ ತಮ್ಮ ಪರಿಸ್ಥಿತಿಯನ್ನು ಪತ್ರಿಕೆಗೆ ಬರೆದಾಗ, ಅದೇ ಸ್ಥಿತಿಯಲ್ಲಿದ್ದ ಹೆಂಗಸರಿಂದ ಅವರಿಗೆ ಓಲೆಗಳ ಮೇಲೆ ಓಲೆಗಳು ಬಂದವು. ಅದರಿಂದಲೇ 1965ರಲ್ಲಿ ಆರೈಕೆದಾರರ ಸಂಘಟನೆಯೊಂದು ಹುಟ್ಟಿಕೊಂಡಿತು. ಅಂಚೆಯಲ್ಲಿ ದಿನಗಟ್ಟಲೆ ಹಿಡಿಯುತ್ತಿದ್ದ ಆ ಮರುಮಾತು ಈಗ ನಿಮಿಷಗಳಲ್ಲಿ ಬರುತ್ತದೆ, ಅಷ್ಟೆ.

ಕ್ರಮವಾಗಿ ಕಲಿಯಬಯಸುವವರಿಗೆ ಆನ್‌ಲೈನ್ ಪಾಠಗಳೂ ಇವೆ. ಡಿಮೆನ್ಶಿಯ, ಅಂದರೆ ಮರೆವಿನ ಕಾಯಿಲೆ, ಇರುವವರನ್ನು ನೋಡಿಕೊಳ್ಳುವವರಿಗಾಗಿ ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿರುವ 'ಐಸಪೋರ್ಟ್' ಕಾರ್ಯಕ್ರಮದಲ್ಲಿ ರೋಗದ ಪರಿಚಯ, ದಿನನಿತ್ಯದ ಆರೈಕೆ, ಬದಲಾದ ನಡವಳಿಕೆಯನ್ನು ನಿಭಾಯಿಸುವ ಬಗೆ ಇವುಗಳ ಜೊತೆಗೆ ಆರೈಕೆದಾರರು ತಮ್ಮನ್ನು ತಾವು ನೋಡಿಕೊಳ್ಳುವುದಕ್ಕೇ ಒಂದು ಭಾಗ ಮೀಸಲಾಗಿದೆ. ಇಂಥ ಪಾಠಗಳು ಅಗತ್ಯ. ಆದರೆ ನನ್ನ ಅನುಭವದಲ್ಲಿ, ಮಾಹಿತಿಗೆ ಬರವಿಲ್ಲ. ಕೇಳಿದ್ದಕ್ಕೆ ಓಗೊಡುವ ಒಂದು ಜೀವಕ್ಕೇ ಬರ. ನೂರು ಪುಟ ಓದಿಯೂ ಸಮಾಧಾನವಾಗದ ಮನಸ್ಸು "ನಮ್ಮ ಅಮ್ಮನೂ ಹೀಗೆಯೇ ಮಾಡುತ್ತಿದ್ದರು" ಎಂಬ ಒಂದು ಸಾಲಿಗೆ ತಣ್ಣಗಾಗುತ್ತದೆ.

ಇಷ್ಟಾದರೂ ಬಳಗದ ಮಾತು ವೈದ್ಯರ ಮಾತಲ್ಲ. ಒಮ್ಮೆ ಅಪ್ಪನವರ ಸ್ಥಿತಿ ಒಂದೇ ದಿನದಲ್ಲಿ ಕೆಟ್ಟಿತು. ಬೆಳಿಗ್ಗೆ ನನ್ನ ಗುರುತು ಹಿಡಿದವರು ಸಂಜೆಯ ವೇಳೆಗೆ ಗೋಡೆಯತ್ತ ಕೈ ಬೀಸಿ ಯಾರನ್ನೋ ಕರೆಯತೊಡಗಿದರು. ಕಾಯಿಲೆ ಮುಂದಿನ ಹಂತಕ್ಕೆ ಹೋಗಿರಬೇಕೆಂದು ಬಳಗದಲ್ಲಿ ಹಲವರು ಸಹಾನುಭೂತಿಯಿಂದಲೇ ಬರೆದರು. ಅವರ ನಡುವೆ ನರ್ಸ್ ಆಗಿದ್ದ ಒಬ್ಬರು ಮಾತ್ರ, "ಮರೆವಿನ ಕಾಯಿಲೆ ಸಾಮಾನ್ಯವಾಗಿ ಹೀಗೆ ಒಂದೇ ದಿನದಲ್ಲಿ ಹೆಚ್ಚುವುದಿಲ್ಲ, ಸೋಂಕು ಇರಬಹುದು, ಈಗಲೇ ತೋರಿಸಿ" ಎಂದರು. ತೋರಿಸಿದಾಗ ಮೂತ್ರದ ಸೋಂಕು ಇತ್ತು. ಔಷಧಿ ಕೊಟ್ಟ ಮೇಲೆ ಆ ಗೊಂದಲ ಇಳಿಯಿತು. ಹಠಾತ್ತನೆ ಉಂಟಾಗುವ ಇಂಥ ಗೊಂದಲವನ್ನು ವೈದ್ಯರು ಡಿಲಿರಿಯಂ ಎನ್ನುತ್ತಾರೆ, ಅದು ತುರ್ತು ಸ್ಥಿತಿ. ಮಾತ್ರೆಯ ಪ್ರಮಾಣ ಬದಲಿಸುವುದನ್ನಂತೂ ಬಳಗದ ಸಲಹೆಯ ಮೇಲೆ ಎಂದಿಗೂ ಮಾಡಬಾರದು.

ಇನ್ನೊಂದು ಮಾತು. ನಾವು ಬರೆಯುವ ಕಷ್ಟ ನಮ್ಮದಾದರೂ ಅದರೊಳಗಿನ ದೇಹ ಹಿರಿಯರದು. ಬಟ್ಟೆ ಒದ್ದೆ ಮಾಡಿಕೊಂಡ ತಂದೆಯ ಫೋಟೊ ಹಾಕಬೇಕೇ ಎಂದು ಯೋಚಿಸುವಾಗ, ಅವರಿಗೆ ನೆನಪು ನೆಟ್ಟಗಿದ್ದ ದಿನಗಳಲ್ಲಿ ಕೇಳಿದ್ದರೆ ಒಪ್ಪುತ್ತಿದ್ದರೇ ಎಂದು ನಾನು ಕೇಳಿಕೊಳ್ಳುತ್ತಿದ್ದೆ. ಹೆಸರು, ವಿಳಾಸ, ಬ್ಯಾಂಕಿನ ವಿವರಗಳನ್ನಂತೂ ಬರೆಯಲೇಬಾರದು. ದಣಿದವರನ್ನೇ ಹುಡುಕಿಕೊಂಡು ಬರುವ ಮೋಸಗಾರರಿದ್ದಾರೆ.

ಫೋನಿನ ಪರದೆ ಅಪ್ಪನನ್ನು ಎತ್ತಿ ಕೂರಿಸಲಾರದು, ಅದಕ್ಕೆ ಮನೆಯಲ್ಲಿ ಇನ್ನೆರಡು ಕೈಗಳೇ ಬೇಕು. ಆ ಕೈಗಳನ್ನು ಕರೆಯುವ ಬಗೆಯನ್ನು ಕೂಡ ನಾನು ಕಲಿತದ್ದು ಬಳಗದಿಂದಲೇ. "ಯಾರೂ ನನಗೆ ಸಹಾಯ ಮಾಡುವುದಿಲ್ಲ" ಎಂದು ನಾನು ಅತ್ತುಕೊಂಡಾಗ, ಅಂದು ನಡುರಾತ್ರಿ ಉತ್ತರಿಸಿದ್ದ ಅದೇ ಹೆಣ್ಣುಮಗಳು "ನಿಮ್ಮ ಅಣ್ಣನಿಗೆ ಸಹಾಯ ಬೇಕು ಎಂದಷ್ಟೇ ಹೇಳಬೇಡಿ, ದಿನ ಮತ್ತು ಗಂಟೆ ಹೇಳಿ" ಎಂದು ಬರೆದರು. ಶನಿವಾರ ಮಧ್ಯಾಹ್ನ ಎರಡರಿಂದ ಆರರವರೆಗೆ ಅಪ್ಪನ ಬಳಿ ಇರಲು ಆಗುತ್ತದೆಯೇ ಎಂದು ಅಣ್ಣನಿಗೆ ಸಂದೇಶ ಕಳಿಸಿದೆ. ಅಣ್ಣ ಬಂದ. ನಾನು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ನಾಲ್ಕು ಗಂಟೆ ನಿದ್ದೆ ಮಾಡಿದೆ.

ನಮಸ್ಕಾರ.