ಬೇಲಿಯ ದಾಸವಾಳ ತಲೆಗೆ, ಬಿಪಿಗಲ್ಲ

ನಮಸ್ಕಾರ, ಸಾಗರದಿಂದ. ಹೊರಗೆ ಮಳೆ ಹೊಡೀತಾ ಇದೆ, ಹಂಚಿನ ಸದ್ದು ಕೇಳಿಸಿದರೆ ಸ್ವಲ್ಪ ಹೊಂದಿಕೊಳ್ಳಿ.

ಹೋದ ವಾರದ ವಿಡಿಯೋ ಕೆಳಗೆ ಒಬ್ಬರು ಬರೆದಿದ್ದಾರೆ: "ನಮ್ಮಮ್ಮ ಬಿಪಿ ಮಾತ್ರೆ ಬಿಟ್ಟಿದ್ದಾರೆ. ಬೇಲಿಯ ದಾಸವಾಳ ಕುದಿಸಿ ಕುಡೀತಾರೆ. ಹಿಬಿಸ್ಕಸ್ ಟೀ ಬಿಪಿ ಇಳಿಸುತ್ತೆ, ಸಂಶೋಧನೆಯೇ ಇದೆ." ಅದಕ್ಕೆ ಸಾಲು ಸಾಲು ಲೈಕು ಬೇರೆ! ಓದಿ ಮೈಯೆಲ್ಲ ಉರಿಯಿತು.

ಸಂಶೋಧನೆ ಇದೆ. ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು 2010ರಲ್ಲಿ ಪ್ರಕಟಿಸಿದ್ದು. 65 ಜನ, ದಿನಕ್ಕೆ 3 ಲೋಟ ಟೀ, 6 ವಾರ. ಕುಡಿದವರ ಮೇಲಿನ ಬಿಪಿ ಸರಾಸರಿ 7 ಪಾಯಿಂಟ್ ಇಳಿಯಿತು. ಆದರೆ ಅದು ಯಾವ ಗಿಡದ ಟೀ? ಹಿಬಿಸ್ಕಸ್ ಸಬ್ದಾರಿಫಾ. ಉತ್ತರ ಕರ್ನಾಟಕದವರು ರೊಟ್ಟಿ ಜೊತೆ ಪಲ್ಯ ಮಾಡುವ ಹುಳಿ ಪುಂಡಿಯ ಬಳಗ ಅದು. ನಮ್ಮ ಬೇಲಿಯದ್ದು ಹಿಬಿಸ್ಕಸ್ ರೋಸಾ ಸೈನೆನ್ಸಿಸ್. ಗಿಡವೇ ಬೇರೆ! ಇನ್ನೊಂದು ಮಾತು: ಆ 65 ಜನರಿಗೆ ಬಿಪಿ ಇದ್ದದ್ದು ಸ್ವಲ್ಪ ಮಾತ್ರ. ಬಿಪಿ ಮಾತ್ರೆ ತಗೊಳ್ಳುವವರನ್ನು ಅದಕ್ಕೆ ಸೇರಿಸಿಕೊಂಡೇ ಇರಲಿಲ್ಲ.

ನಂಬಿಕೆ ಬರಲಿಲ್ವಾ? ಮನೆಯಲ್ಲೇ ನೋಡಿ. ಪ್ಯಾಕೆಟ್ಟಿನ ಹಿಬಿಸ್ಕಸ್ ಟೀ ಕುದಿಸಿದರೆ ಕೆಂಪಗೆ ಬರುತ್ತೆ, ಬಾಯಿಗಿಟ್ಟರೆ ಹುಳಿ. ಅದು ಎಸಳಲ್ಲ, ಹೂವಿನ ಬುಡದಲ್ಲಿ ದಪ್ಪಗೆ ಬೆಳೆಯುವ ಕೆಂಪು ಹೊರದಳ. ನಮ್ಮ ದಾಸವಾಳದ ಎಸಳು ಕುದಿಸಿ, ನೀರು ನೇರಳೆ ಆಗುತ್ತೆ, ರುಚಿ ಸಪ್ಪೆ. ಅದಕ್ಕೆ ನಿಂಬೆಹುಳಿ ಹಿಂಡಿದ ಮೇಲೇ ಕೆಂಪು ಬರೋದು.

"ಎರಡೂ ಹಿಬಿಸ್ಕಸ್ಸೇ ಅಲ್ವಾ ಸರ್" ಅಂತೀರಿ. ಬೆಂಡೆಕಾಯಿ, ಹತ್ತಿ ಕೂಡ ಅದೇ ಕುಟುಂಬ. ಹಾಗಾದರೆ ಬಿಪಿಗೆ ಹತ್ತಿ ಕುದಿಸಿ ಕುಡೀತೀರಾ?

ದಾಸವಾಳವನ್ನು ಬೈತಾ ಇಲ್ಲ ಮಾರಾಯ್ರೇ. ಅದರ ಮೇಲಿನ ಪ್ರೀತಿಗೇ ಇಷ್ಟು ಕೂಗಾಡೋದು. ನಮ್ಮ ಅಜ್ಜಿಯರು ಅದನ್ನು ಎಲ್ಲಿಗೆ ಬಳಸಿದರು? ತಲೆಗೆ. ಎಣ್ಣೆಸ್ನಾನದ ದಿನ ಒಂದು ಬೊಗಸೆ ಸೊಪ್ಪು ಕೊಯ್ದು, ತೊಳೆದು, ನೀರಿಗೆ ಹಾಕಿ ಕೈಯಲ್ಲಿ ಕಿವುಚೋದು. ಮೊದಲು ಸೊಪ್ಪು ಕರಕರ ಅನ್ನುತ್ತೆ, ಆಮೇಲೆ ನೀರು ದಪ್ಪಗಾಗಿ ಬೆರಳ ಸಂದಿಯಿಂದ ಲೋಳೆ ಎಳೆ ಎಳೆಯಾಗಿ ಇಳಿಯುತ್ತೆ. ತೆಳು ಬಟ್ಟೆಯಲ್ಲಿ ಸೋಸಿದರೆ ಗೊಂಪು ರೆಡಿ. ಸೋಸದೆ ಹಚ್ಚಿದರೆ ಕೂದಲಲ್ಲಿ ಸೊಪ್ಪಿನ ಚೂರು ಆರಿಸುತ್ತಾ ಕೂರಬೇಕು. ಬಚ್ಚಲ ಹಂಡೆಯ ಬಿಸಿನೀರು, ಗೊಂಪು, ಸ್ವಲ್ಪ ಸೀಗೆಪುಡಿ. ಎಣ್ಣೆ ಹೋಗುತ್ತೆ, ಕೂದಲು ಮೆತ್ತಗಾಗುತ್ತೆ. ಸೊಪ್ಪಿನ ಸಾರ ಇಲಿಗಳ ಮೇಲೆ ಹೂವಿಗಿಂತ ಚೆನ್ನಾಗಿ ಕೂದಲು ಬೆಳೆಸಿತು ಅಂತ 2003ರಲ್ಲಿ ಪ್ರಕಟವೂ ಆಗಿದೆ. ಇಲಿ ಸರಿ, ಬೋಳು ತಲೆಗೆ ನಾನು ಭರವಸೆ ಕೊಡಲ್ಲ. ಹೂವಿನ ತಂಬುಳಿ ಊಟಕ್ಕೆ. ಅದೂ ಒಳ್ಳೆಯದೇ, ಮಾಡಿ.

ಗರ್ಭಿಣಿಯರು ಮಾತ್ರ ಈ ಹೂವಿನ ಕಷಾಯ, ಪುಡಿ ಮುಟ್ಟಬೇಡಿ. 1970ರ ದಶಕದಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಹೂವಿನ ಸಾರ ಕೊಟ್ಟ ಇಲಿಗಳಲ್ಲಿ ಗರ್ಭ ನಿಲ್ಲಲಿಲ್ಲ. "ಗಿಡಮೂಲಿಕೆ, ಸೈಡ್ ಎಫೆಕ್ಟ್ ಇಲ್ಲ" ಅನ್ನೋರಿಗೆ ಇದನ್ನು ಓದಿ ಹೇಳಿ.

ಅಂದಹಾಗೆ, ಗೊಂಪು ಮಾಡೋ ವಿಡಿಯೋ ಚಾನೆಲ್‌ನಲ್ಲೇ ಇದೆ, ಕೆಳಗೆ ಲಿಂಕ್ ಹಾಕಿದ್ದೇನೆ. ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ ಅಂದ್ರೆ ಈಗಲೇ ಮಾಡಿ, ನಿಮ್ಮ ತೀರ್ಥಹಳ್ಳಿ, ಹೊಸನಗರದ ನೆಂಟರಿಗೂ ಹೇಳಿ.

"ಅಜ್ಜಿ ಕಾಲದಲ್ಲಿ ಎಲ್ಲರೂ ಗಟ್ಟಿ ಇದ್ರು" ಅಂತ ಈಗ ಯಾರೋ ಟೈಪ್ ಮಾಡ್ತಾ ಇದ್ದೀರಿ. ಅಜ್ಜಿ ಕಾಲದಲ್ಲಿ ಬಿಪಿ ನೋಡಿದವರು ಯಾರು? ಲಕ್ವ ಹೊಡೆದು ಮಲಗಿದ ಮೇಲೆ "ಗಾಳಿ ಸೋಕಿತು" ಅಂತಿದ್ದರು. ಬಿಪಿ ನೋವು ಕೊಡಲ್ಲ, ತುರಿಸಲ್ಲ. ಮಾತ್ರೆ ಬಿಟ್ಟರೂ ಆರಾಮಾಗೇ ಅನ್ನಿಸುತ್ತೆ. ಅದೇ ಭಯ ನನಗೆ!

ತಲೆಗೆ. ತಲೆಗೆ ಹಚ್ಚಿ ಅಂದೆ, ಬಿಪಿಗೆ ಅಲ್ಲ. ಇನ್ನೆಷ್ಟು ಸಲ ಹೇಳಲಿ? ಆ ಕಾಮೆಂಟ್ ಹಾಕಿದವರೇ, ಅಮ್ಮನನ್ನು ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಬಿಪಿ ನೋಡಿಸಿ. ಎಷ್ಟು ಬಂತು ಅಂತ ಕೆಳಗೆ ಬರೆಯಿರಿ, ನಾನು ಕಾಯ್ತಾ ಇರ್ತೇನೆ.