ಬೇಲಿಯ ಆಡುಸೋಗೆ, ಸಿರಪ್ಪಿನ ಬಾಟಲಿ

ಬೆಳಗ್ಗೆ ಆರೂವರೆ. ಬೇಲಿಯ ಮೇಲೆ ಇಬ್ಬನಿ ಇನ್ನೂ ಆರಿಲ್ಲ. ಪಕ್ಕದ ಮನೆಯ ಮೇಕೆ ನೋಡಿ. ದಾಸವಾಳದ ಚಿಗುರು ತಿಂದಾಯಿತು. ಈಗ ಈ ಗಿಡದ ಹತ್ತಿರ ಬಂತು, ಮೂಸಿತು, ಹಾಗೇ ಮುಂದೆ ಹೋಯಿತು. ಆಡು ಮುಟ್ಟದ ಸೊಪ್ಪಿಲ್ಲ ಅಂತ ಗಾದೆ ಇದೆ ಅಲ್ವಾ? ಆಡು ಮುಟ್ಟದ ಆ ಸೊಪ್ಪು ಇದೇ. ಆಡುಸೋಗೆ.

1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇದಕ್ಕೆ ಜಸ್ಟಿಸಿಯಾ ಅಧಟೋಡ ಅಂತ ಹೆಸರಿಟ್ಟ. ತಮಿಳರು ಇದನ್ನು ಆಡಾತೋಡೈ ಅನ್ನುತ್ತಾರೆ. ಲ್ಯಾಟಿನ್ ಹೆಸರಿನೊಳಗೂ ನಮ್ಮ ಕಡೆಯ ಆಡು ಕೂತಿದೆ!

ಒಂದು ಎಲೆ ಕಿತ್ತು ಬೆರಳಲ್ಲಿ ಉಜ್ಜಿದೆ. ಘಾಟು ವಾಸನೆ. ನಾಲಿಗೆಗೆ ತಾಗಿಸಿದರೆ ಕಹಿ ಬೇಗ ಬಿಡುವುದಿಲ್ಲ. ಎಲೆಯಲ್ಲಿರುವ ವ್ಯಾಸಿಸಿನ್ ಅನ್ನುವ ಆಲ್ಕಲಾಯ್ಡ್ (ಗಿಡಗಳಲ್ಲಿ ಸಿಗುವ, ಸಾರಜನಕ ಇರುವ ಒಂದು ಬಗೆಯ ರಾಸಾಯನಿಕ) ಕಹಿಯೇ. ಗಿಡದ ಸಂಸ್ಕೃತ ಹೆಸರು ವಾಸಾ, ಅದರಿಂದಲೇ ಈ ಹೆಸರು. ಇದರ ಒಂದು ಅಣುವಿನಲ್ಲಿ 11 ಇಂಗಾಲ, 12 ಜಲಜನಕ, 2 ಸಾರಜನಕ, ಒಂದೇ ಒಂದು ಆಮ್ಲಜನಕ. ಗಾಳಿಗೆ ಬಿಟ್ಟರೆ ಸ್ವಲ್ಪ ಸ್ವಲ್ಪವಾಗಿ ವ್ಯಾಸಿಸಿನೋನ್ ಅನ್ನುವ ಇನ್ನೊಂದು ರಾಸಾಯನಿಕ ಆಗುತ್ತದೆ. ಬಿಗಿದ ಶ್ವಾಸನಾಳವನ್ನು ಈ ವ್ಯಾಸಿಸಿನೋನ್ ಸಡಿಲಿಸುತ್ತದೆ ಅಂತ ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಕಂಡಿದೆ.

ಅಜ್ಜಿ ಇದನ್ನು ಹಸಿಯಾಗಿ ಅರೆಯುತ್ತಿರಲಿಲ್ಲ. ಹಸಿ ಎಲೆ ಹಿಂಡಿದರೆ ರಸವೇ ಬರುವುದಿಲ್ಲ. ನೋಡಿ, ಕಾದ ಕಾವಲಿಯ ಮೇಲೆ ಹೀಗೆ ಬಾಡಿಸಬೇಕು. ಎಲೆ ಮೆತ್ತಗಾಗಿ ಬಣ್ಣ ಕಪ್ಪಾಗುತ್ತದೆ. ಆಮೇಲೆ ಬಟ್ಟೆಯಲ್ಲಿ ಹಾಕಿ ಹಿಂಡಿದರೆ ಗಟ್ಟಿ ಹಸಿರು ರಸ ಚಮಚಕ್ಕೆ ಇಳಿಯುತ್ತದೆ. ಅದಕ್ಕೆ ಜೇನುತುಪ್ಪ ಸೇರಿಸಿ, ಮೂಗು ಹಿಡಿದು ಕುಡಿಸುತ್ತಿದ್ದರು. ಎದೆಯಲ್ಲಿ ಗಟ್ಟಿ ಕೂತ ಕಫಕ್ಕೆ ಮನೆಯಲ್ಲಿದ್ದ ಮದ್ದು ಅದೊಂದೇ.

ಈಗ ಈ ಕೆಮ್ಮಿನ ಸಿರಪ್ಪಿನ ಬಾಟಲಿ ನೋಡಿ. ನಮ್ಮೂರಿನ ಮೆಡಿಕಲ್ ಶಾಪಿನದು. ಲೇಬಲ್ ಮೇಲೆ ಆಂಬ್ರಾಕ್ಸಾಲ್ ಅಂತಿದೆ. ವ್ಯಾಸಿಸಿನ್ನಿನ ರಚನೆಯನ್ನು ಮುಂದಿಟ್ಟುಕೊಂಡು ರಸಾಯನ ವಿಜ್ಞಾನಿಗಳು ಬ್ರೋಮ್‌ಹೆಕ್ಸಿನ್ ತಯಾರಿಸಿದರು. 1963ರಲ್ಲಿ ಅದು ಔಷಧವಾಗಿ ಬಳಕೆಗೆ ಬಂತು. ನಮ್ಮ ದೇಹದಲ್ಲಿ ಬ್ರೋಮ್‌ಹೆಕ್ಸಿನ್ ಬದಲಾಗಿ ಆಗುವುದೇ ಆಂಬ್ರಾಕ್ಸಾಲ್. ಎರಡೂ ಅಂಟು ಕಫವನ್ನು ತೆಳ್ಳಗೆ ಮಾಡಿ ಹೊರಬರಲು ದಾರಿ ಮಾಡುತ್ತವೆ. ಈ ಬೇಲಿಗೂ ಆ ಬಾಟಲಿಗೂ ಇಷ್ಟು ಹತ್ತಿರದ ನಂಟು ಅಂತ ತಿಳಿದ ದಿನ ನನಗೆ ತುಂಬಾ ಖುಷಿಯಾಗಿತ್ತು.

ಆದರೆ ಒಂದು ವ್ಯತ್ಯಾಸ ಇದೆ. ಬಾಟಲಿಯಲ್ಲಿ ಎಷ್ಟು ಮಿಲಿಗ್ರಾಂ ಅಂತ ಬರೆದಿರುತ್ತದೆ. ಎಲೆಯಲ್ಲಿ ಹಾಗಿಲ್ಲ. ಋತು ಬದಲಾದರೆ, ಜಾಗ ಬದಲಾದರೆ ವ್ಯಾಸಿಸಿನ್ ಪ್ರಮಾಣವೂ ಬದಲಾಗುತ್ತದೆ. ಅದಕ್ಕೇ ವೈದ್ಯರನ್ನು ಕೇಳದೆ ಸುಮ್ನೆ ದಿನಾ ಕುಡಿಯಬೇಡಿ. ಎರಡು ವಾರ ದಾಟಿದ ಕೆಮ್ಮು, ಕಫದಲ್ಲಿ ರಕ್ತ, ಉಬ್ಬಸ ಇದ್ದರೆ ಮೊದಲು ಆಸ್ಪತ್ರೆಗೆ ಹೋಗಿ.

ಇನ್ನೊಂದು ಮಾತು, ಇದು ತುಂಬಾ ಮುಖ್ಯ. "ಬಸುರಿಯರಿಗೆ ಮಾತ್ರ ಇದನ್ನ ಕೊಡಬಾರದು ಮಗಾ" ಅಂತ ಅಜ್ಜಿ ಹೇಳುತ್ತಿದ್ದರು. ಯಾಕೆ ಅಂದರೆ ಬೈಯುತ್ತಿದ್ದರು, ಕಾರಣ ಹೇಳುತ್ತಿರಲಿಲ್ಲ. ವ್ಯಾಸಿಸಿನ್ ಗರ್ಭಕೋಶವನ್ನು ಸಂಕುಚಿಸುತ್ತದೆ, ಗರ್ಭಪಾತವೂ ಆಗಬಹುದು. ಜಮ್ಮುವಿನ ಪ್ರಾದೇಶಿಕ ಸಂಶೋಧನಾ ಪ್ರಯೋಗಾಲಯದವರು ಇದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ.

ಗೇಟಿನ ಸದ್ದು ಕೇಳಿತಾ? ಪಕ್ಕದ ಮನೆಯ ಅತ್ತೆ, ಕೈಯಲ್ಲಿ ಖಾಲಿ ಚೀಲ. ಸೊಪ್ಪು ಬೇಕಂತೆ. ಅಮ್ಮ ಕೊಯ್ಯುವ ಮೊದಲು ಕೇಳುವುದು ಒಂದೇ ಮಾತು: "ಯಾರಿಗೆ?"